ಬಾಗಿಲ ಹೊರಗೆ ಕಾಯುವ ರಾಷ್ಟ್ರಪತಿ: ಪೋಲೆಂಡಿನ ಟಿವಿ ಹಾಸ್ಯದ ಬಗ್ಗೆ ಮಾತಾಡೋಣ

ಓಡ್ರಾ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು 2016ರ ಕೊನೆಯಲ್ಲಿ ಕೆಲಸದ ಮೇಲೆ ಪೋಲೆಂಡಿನ ವ್ರೊತ್ಸ್ವಾಫ್ ಊರಿಗೆ ಬಂದವನು. ಸಂಜೆ ಹೊತ್ತು ಪೋಲಿಶ್ ಕಲಿಯಲು ಕ್ಲಾಸಿಗೆ ಹೋಗುತ್ತಿದ್ದೆ. ಒಂದು ದಿನ ಟೀಚರ್ ವ್ಯಾಕರಣದ ಪುಸ್ತಕ ಪಕ್ಕಕ್ಕಿಟ್ಟು ಒಂದು ಯೂಟ್ಯೂಬ್ ವಿಡಿಯೋ ಹಾಕಿದರು. ಹೆಚ್ಚು ಕಡಿಮೆ ಕಾಲು ಗಂಟೆ ಅಷ್ಟೆ. ಒಂದು ಪಾರ್ಟಿ ಆಫೀಸು. ಒಳಗಿನ ಕೋಣೆಯಲ್ಲಿ ಪಕ್ಷದ ಅಧ್ಯಕ್ಷರು. ಹೊರಗಿನ ಕೋಣೆಯಲ್ಲಿ ಸೆಕ್ರೆಟರಿ ಬಾಶಾ ಮೇಡಂ. ಅವರ ಎದುರು ಸೂಟು ಹಾಕಿಕೊಂಡ ಒಬ್ಬ ಕೂತಿದ್ದ. ಅವನಿಗೆ ಒಳಗೆ ಹೋಗಬೇಕು. ಬಿಡುತ್ತಿಲ್ಲ. ಬೇರೆಯವರು ಬಂದು ಸೀದಾ ಒಳಗೆ ಹೋಗುತ್ತಾರೆ. ಇವನು ಮಾತ್ರ ಕೂತೇ ಇದ್ದಾನೆ.

ಟೀಚರ್ ಕಣ್ಣೊರೆಸಿಕೊಂಡು ನಗುತ್ತಿದ್ದರು. ನಮಗೆ ಯಾರಿಗೂ ನಗು ಬರಲಿಲ್ಲ. "ಅವನು ಯಾರು?" ಅಂತ ಕೇಳಿದೆ. "ನಮ್ಮ ದೇಶದ ರಾಷ್ಟ್ರಪತಿ" ಅಂದರು.

ಆ ಸರಣಿಯ ಹೆಸರು 'ಉಹೊ ಪ್ರೆಜೆಸಾ', ಅಂದರೆ ಅಧ್ಯಕ್ಷರ ಕಿವಿ. 2017ರ ಜನವರಿಯಲ್ಲಿ ಶುರುವಾಯಿತು. ಬರೆದು ನಟಿಸಿದವರು ರಾಬರ್ಟ್ ಗುರ್ಸ್ಕಿ. ಅಧ್ಯಕ್ಷರ ಪಾತ್ರ ಯಾರೊಸ್ವಾಫ್ ಕಚಿನ್ಸ್ಕಿ ಅವರದು. ಆಗ ಅಧಿಕಾರದಲ್ಲಿದ್ದ 'ಕಾನೂನು ಮತ್ತು ನ್ಯಾಯ' ಪಕ್ಷದ ಮುಖ್ಯಸ್ಥರು ಅವರೇ. ಸರ್ಕಾರದಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ, ಬರೀ ಸಂಸದ. ಆದರೂ ಎಲ್ಲ ತೀರ್ಮಾನ ವಾರ್ಸಾದ ನೊವೊಗ್ರೊದ್ಸ್ಕಾ ರಸ್ತೆಯ ಪಾರ್ಟಿ ಆಫೀಸಿನಲ್ಲೇ ಆಗುತ್ತದೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಹೊರಗೆ ಕಾಯುವವನ ಹೆಸರು ಸರಣಿಯಲ್ಲಿ ಆದ್ರಿಯನ್. ಆಗಿನ ನಿಜವಾದ ರಾಷ್ಟ್ರಪತಿ ಆಂಜೆಯ್ ದೂದಾ. ಸ್ವಲ್ಪ ದಿನದಲ್ಲೇ ಜನ ದೂದಾ ಅವರನ್ನೇ ಆದ್ರಿಯನ್ ಅಂತ ಕರೆಯಲು ಶುರು ಮಾಡಿದರು. ಮೀಮ್‌ಗಳಲ್ಲಿ, ಬಸ್ಸಿನಲ್ಲಿ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ, ಎಲ್ಲ ಕಡೆ.

ಅಂದಿನಿಂದ ಇಲ್ಲಿನ ಹಳೆಯ ಹಾಸ್ಯ ಕಾರ್ಯಕ್ರಮಗಳನ್ನೆಲ್ಲ ಹುಡುಕಿ ನೋಡುತ್ತಿದ್ದೇನೆ. ನನಗೆ ಒಂದು ವಿಷಯ ಬಲವಾಗಿ ಅನ್ನಿಸಿದೆ. ಪೋಲೆಂಡಿನ ಒಳ್ಳೆಯ ರಾಜಕೀಯ ಹಾಸ್ಯ ನಾಯಕನ ಮುಖವನ್ನು ಅಣಕಿಸುವುದರಲ್ಲಿ ನಿಲ್ಲುವುದಿಲ್ಲ. ಅಧಿಕಾರ ನಿಜವಾಗಿ ಎಲ್ಲಿ ಕೂತಿದೆ ಅನ್ನೋ ಜಾಗವನ್ನೇ ತೋರಿಸುತ್ತದೆ. ಕಾಯುವ ಕೋಣೆ, ಅಂಗಡಿಯ ಹಿಂಬದಿ, ಅಪಾರ್ಟ್‌ಮೆಂಟಿನ ಮೆಟ್ಟಿಲು. ಇದರ ಬಗ್ಗೆ ಗೊತ್ತಿದ್ದವರು ಬರೆಯಿರಿ. ನನ್ನ ಮಾತು ಒಪ್ಪದಿದ್ದರೂ ಬರೆಯಿರಿ.

ತುಂಗಾ ತೀರ:
ಅಂಗಡಿಯ ಹಿಂಬದಿ ಅಂದರೆ ಏನು ಸರ್? ಅದನ್ನು ಬಿಡಿಸಿ ಹೇಳಿ.

ಓಡ್ರಾ ದಂಡೆ:
ಹೇಳುತ್ತೇನೆ ಮೇಡಂ. ಪೊಜ್ನಾನ್ ಊರಿನಲ್ಲಿ 'ತೇಯ್' ಅಂತ ಒಂದು ಕಬರೆ ತಂಡ ಇತ್ತು. ಕಬರೆ ಅಂದ ತಕ್ಷಣ ನಮಗೆ ಹಳೇ ಸಿನಿಮಾದ ಕ್ಲಬ್ ಡ್ಯಾನ್ಸ್ ನೆನಪಾಗುತ್ತದೆ. ಇಲ್ಲಿ ಅರ್ಥ ಬೇರೆ. ಸಣ್ಣ ಸಣ್ಣ ನಗೆ ನಾಟಕ, ಹಾಡು, ಮಾತು ಸೇರಿದ ರಂಗ ಕಾರ್ಯಕ್ರಮಕ್ಕೆ ಕಬರೆ ಅನ್ನುತ್ತಾರೆ. ತೇಯ್ ತಂಡದ ಮುಖ್ಯ ಜೋಡಿ ಜೆನೊನ್ ಲಸ್ಕೊವಿಕ್ ಮತ್ತು ಬೊಹ್ದಾನ್ ಸ್ಮೊಲೆನ್.

1980ರ ಬೇಸಿಗೆ. ಒಪೊಲೆ ಊರಿನಲ್ಲಿ ಪ್ರತಿ ವರ್ಷ ದೊಡ್ಡ ಹಾಡಿನ ಉತ್ಸವ ಆಗುತ್ತದೆ. ಟಿವಿಯಲ್ಲೂ ಬರುತ್ತದೆ. ಆ ವರ್ಷ ಇವರು ಆಡಿದ ಕಾರ್ಯಕ್ರಮದ ಹೆಸರು 'ಅಂಗಡಿಯ ಹಿಂದೆ'. ಆಗಿನ ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಅಂಗಡಿಯ ಮುಂಭಾಗದಲ್ಲಿ ಸಾಮಾನೇ ಇರುತ್ತಿರಲಿಲ್ಲ. ಒಳ್ಳೆಯ ಮಾಲೆಲ್ಲ ಹಿಂದಿನ ಕೋಣೆಯಲ್ಲಿ. ಪರಿಚಯ ಇದ್ದವರಿಗೆ ಮಾತ್ರ. ಆ ಹಿಂದಿನ ಕೋಣೆಯನ್ನೇ ಎತ್ತಿ ತಂದು ವೇದಿಕೆ ಮೇಲೆ ಇಟ್ಟರು ಅವರು. ಸರ್ಕಾರವನ್ನು ಹೆಸರು ಹಿಡಿದು ಬೈಯುವ ಅಗತ್ಯವೇ ಬರಲಿಲ್ಲ. ಆ ಬಾಗಿಲ ಹಿಂದೆ ಏನಿದೆ ಅಂತ ನೋಡುವವರಿಗೆ ಮೊದಲೇ ಗೊತ್ತಿತ್ತಲ್ವಾ.

ಆಮೇಲೆ ಜುಲೈ 1ಕ್ಕೆ ಸರ್ಕಾರ ಮಾಂಸದ ಬೆಲೆ ಏರಿಸಿತು. ಜುಲೈ 8ಕ್ಕೆ ಶ್ವಿದ್ನಿಕ್ ಊರಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಮುಷ್ಕರ. ಕ್ಯಾಂಟೀನಿನಲ್ಲಿ ಕಟ್ಲೆಟ್ ಬೆಲೆ ಏರಿತ್ತು ಅನ್ನೋದೇ ಕಿಡಿ. ಆಗಸ್ಟಿನಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಮುಷ್ಕರ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಸಾಲಿಡಾರಿಟಿ ಅನ್ನೋ ಸ್ವತಂತ್ರ ಕಾರ್ಮಿಕ ಸಂಘ ಹುಟ್ಟಿತು. ಹಾಸ್ಯದಿಂದ ಮುಷ್ಕರ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ಬೇಸಿಗೆಯಲ್ಲಿ ಟಿವಿಯ ನಗುವೂ ಕ್ಯಾಂಟೀನಿನ ಸಿಟ್ಟೂ ಒಂದೇ ವಿಷಯದ ಮೇಲಿತ್ತು. ಊಟದ ಮೇಲೆ.

ಹಳೇ ರೇಡಿಯೋ:
ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ನಾನಾಗ ಕಾಲೇಜಿನಲ್ಲಿದ್ದೆ. ಸಾಲಿಡಾರಿಟಿ ನಾಯಕ ಲೆಕ್ ವಲೆಸಾ ಅವರ ಮೀಸೆಯ ಫೋಟೋ ಪೇಪರಿನಲ್ಲಿ ಬರುತ್ತಿತ್ತು. ಆದರೆ ಸೆನ್ಸಾರ್ ಇದ್ದ ದೇಶದಲ್ಲಿ ಇದನ್ನೆಲ್ಲ ಟಿವಿಯಲ್ಲಿ ತೋರಿಸಲು ಹೇಗೆ ಬಿಟ್ಟರು? ಇದು ನನಗೆ ಯಾವತ್ತೂ ಬಗೆಹರಿಯದ ಪ್ರಶ್ನೆ.

ಕ್ರಾಕೋವ್ ಕಾವೇರಿ:
ನಮಸ್ಕಾರ ಸರ್. ನಾನು ಕ್ರಾಕೋವಿನಲ್ಲಿದ್ದೇನೆ. ಇಲ್ಲಿ ಓದಿದ್ದರಿಂದ ಸ್ವಲ್ಪ ಗೊತ್ತು, ಹೇಳುತ್ತೇನೆ.

ಸೆನ್ಸಾರ್ ಕಚೇರಿ ವಾರ್ಸಾದ ಮಿಶಾ ರಸ್ತೆಯಲ್ಲಿತ್ತು. ಆ ಹೆಸರಿಗೆ ಇಲಿಯ ಬೀದಿ ಅಂತ ಅರ್ಥ. 'ಮಿಶಾ ಬಿಡಲ್ಲ' ಅಂದರೆ ಸೆನ್ಸಾರ್ ಬಿಡಲ್ಲ ಅಂತ. 1990ರಲ್ಲಿ ಅದನ್ನು ಮುಚ್ಚಿದರು. 1977ರಲ್ಲಿ ತೊಮಾಶ್ ಸ್ತ್ಶಿಜೆವ್ಸ್ಕಿ ಅನ್ನೋ ಕ್ರಾಕೋವಿನ ಸೆನ್ಸಾರ್ ನೌಕರ ಒಳಗಿನ ಸೂಚನೆಗಳ ನಕಲನ್ನು ಸ್ವೀಡನ್ನಿಗೆ ಸಾಗಿಸಿದರು. ಏನೇನು ಬರೆಯಬಾರದು ಅನ್ನೋ ಪಟ್ಟಿ ಲೋಕಕ್ಕೆ ಗೊತ್ತಾಗಿದ್ದು ಹಾಗೆ.

ಹಾಸ್ಯಕ್ಕೆ ಮಾತ್ರ ಒಂದು ಸಣ್ಣ ಕಿಂಡಿ ಇತ್ತು. ಕುಕ್ಕರಿನ ಸೀಟಿ ಇದ್ದ ಹಾಗೆ. ಜನರ ಒಳಗಿನ ಆವಿ ಸ್ವಲ್ಪ ಹೊರಗೆ ಹೋಗಲಿ ಅಂತ ಬಿಡುತ್ತಿದ್ದರು. ಸೆನ್ಸಾರ್ ಕಾಗದದ ಮೇಲಿನ ಮಾತನ್ನು ಓದುತ್ತದೆ. ನಟ ಎಲ್ಲಿ ನಿಲ್ಲಿಸಿ ಉಸಿರು ಬಿಡುತ್ತಾನೆ, ಹುಬ್ಬು ಹೇಗೆ ಏರಿಸುತ್ತಾನೆ ಅನ್ನೋದು ಕಾಗದದಲ್ಲಿ ಇರಲ್ಲ. ನಗು ಅಲ್ಲೇ ಇರುತ್ತಿತ್ತು.

ಓಡ್ರಾ ದಂಡೆ:
ಕಾವೇರಿ ಮೇಡಂ, ಆ ಕಿಂಡಿ ಕೂಡ ಮುಚ್ಚಿದ ದಿನ ಬಂತು. 1981ರ ಡಿಸೆಂಬರ್ 13, ಮಾರ್ಷಲ್ ಲಾ, ಅಂದರೆ ಮಿಲಿಟರಿ ಆಡಳಿತ. ಟಿವಿಯಲ್ಲಿ ಸುದ್ದಿ ಓದುವವರು ಮಿಲಿಟರಿ ಸಮವಸ್ತ್ರ ಹಾಕಿಕೊಂಡು ಕೂತರು. ಎಷ್ಟೋ ನಟರು ಟಿವಿಯಲ್ಲಿ ಕಾಣಿಸಿಕೊಳ್ಳಲ್ಲ ಅಂತ ಬಹಿಷ್ಕಾರ ಹಾಕಿದರು.

ಇಲ್ಲಿ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಅಜ್ಜಿ ಬಗ್ಗೆ ಹೇಳಬೇಕು. ಅವರು ಮದುವೆಗೆ ಮುಂಚೆ ಶ್ವಿದ್ನಿಕ್‌ನಲ್ಲಿದ್ದವರು. ಮೇಲೆ ಹೇಳಿದ ಕಟ್ಲೆಟ್ ಊರೇ. 1982ರ ಫೆಬ್ರವರಿಯಲ್ಲಿ ಆ ಊರಿನ ಜನ ಒಂದು ಕೆಲಸ ಮಾಡಿದರು. ಸಂಜೆ 7.30ಕ್ಕೆ ಸರ್ಕಾರಿ ಸುದ್ದಿ ಶುರುವಾಗುತ್ತಿದ್ದಂತೆ ಮನೆ ಬಿಟ್ಟು ವಾಕಿಂಗ್ ಹೊರಡುತ್ತಿದ್ದರು. ಕೆಲವರು ಟಿವಿಯನ್ನು ಕಿಟಕಿಯ ಹತ್ತಿರ ತಂದು, ಪರದೆ ಬೀದಿಯ ಕಡೆ ಮಾಡಿ ಇಡುತ್ತಿದ್ದರು. ಸುದ್ದಿ ಓದುವವನು ಖಾಲಿ ಮನೆಗೆ ಬೆನ್ನು ಹಾಕಿ, ಬೀದಿಗೆ ಮುಖ ಮಾಡಿ ಓದಬೇಕು. ಬೀದಿಯಲ್ಲಿ ಜನ ಅವನನ್ನು ನೋಡದೆ ಮಾತಾಡಿಕೊಂಡು ನಡೆಯುತ್ತಾರೆ.

ಅಜ್ಜಿ ತಮ್ಮ ಹಾಲಿನಲ್ಲಿ ಎದ್ದು ನಿಂತು, ಎರಡೂ ಕೈ ಚಾಚಿ, ಇಲ್ಲದ ಟಿವಿಯನ್ನು ತಬ್ಬಿ ಎತ್ತಿ ಕಿಟಕಿಗೆ ತಿರುಗಿಸಿ ತೋರಿಸಿದರು. "ತುಂಬ ಭಾರ ಇತ್ತು ಮಗಾ, ಅಪ್ಪನೂ ನಾನೂ ಸೇರಿ ಎತ್ತಬೇಕಿತ್ತು" ಅಂದರು. ಸರ್ಕಾರ ಕರ್ಫ್ಯೂ ಹೊತ್ತನ್ನು ಮುಂಚೆಗೆ ತಂದಿತು. ಜನ ಸಂಜೆ 5ರ ಸುದ್ದಿ ಹೊತ್ತಿಗೆ ನಡೆಯಲು ಶುರು ಮಾಡಿದರು.

ಅದು ಟಿವಿ ಕಾರ್ಯಕ್ರಮ ಅಲ್ಲ, ನಿಜ. ಆದರೆ ಟಿವಿಯ ಮೇಲೆ ಇಡೀ ಊರು ಸೇರಿ ಮಾಡಿದ ಹಾಸ್ಯ ಅದು ಅಂತ ನನಗೆ ಅನ್ನಿಸುತ್ತದೆ.

ತುಂಗಾ ತೀರ:
ಓದಿ ಮೈ ಜುಮ್ಮೆಂದಿತು ಸರ್. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಮುಂಗಾರು:
ನಮ್ಮ ಟೀಮಿನಲ್ಲಿ ಇಬ್ಬರು ಪೋಲಿಶ್ ಸಹೋದ್ಯೋಗಿಗಳಿದ್ದಾರೆ. ಕೆಲಸದಲ್ಲಿ ಏನಾದರೂ ತಲೆಬುಡ ಇಲ್ಲದ ನಿಯಮ ಬಂದರೆ ಸಾಕು, "ಇದು ಬರೇಯಾ ಸಿನಿಮಾ" ಅನ್ನುತ್ತಾರೆ. ಅದೇನು?

ಓಡ್ರಾ ದಂಡೆ:
ಅಯ್ಯೋ, ಇದಕ್ಕೇ ಕಾಯುತ್ತಿದ್ದೆ! ಸ್ತಾನಿಸ್ವಾಫ್ ಬರೇಯಾ ಇಲ್ಲಿನ ಮನೆಮಾತಾದ ನಿರ್ದೇಶಕ. ಅವರ ಟಿವಿ ಸರಣಿ 'ಆಲ್ಟರ್ನತಿವಿ 4' ನೋಡಲೇಬೇಕು. ಒಂಬತ್ತು ಕಂತು. ಹೆಸರು ಒಂದು ವಿಳಾಸ. ವಾರ್ಸಾದ ಹೊಸ ಬಡಾವಣೆ ಉರ್ಸಿನುಫ್‌ನಲ್ಲಿ ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಒಂದು ಅಪಾರ್ಟ್‌ಮೆಂಟ್. ವರ್ಷಗಟ್ಟಲೆ ಕಾದು ಮನೆ ಪಡೆದವರು ಅಲ್ಲಿಗೆ ಬರುತ್ತಾರೆ. ಪ್ರೊಫೆಸರ್, ಡಾಕ್ಟರ್, ಕ್ರೇನ್ ಓಡಿಸುವವನು, ಹಾಡುಗಾರ್ತಿ, ಒಬ್ಬ ಪಾರ್ಟಿ ಪದಾಧಿಕಾರಿ. ಇವರೆಲ್ಲರ ಮೇಲೆ ಒಬ್ಬ ಕಟ್ಟಡದ ಮೇಲ್ವಿಚಾರಕ. ಹೆಸರು ಅನ್ಯೊವ್, ಅಂದರೆ ದೇವದೂತ. ರೋಮನ್ ವಿಲ್ಹೆಲ್ಮಿ ಆ ಪಾತ್ರ ಮಾಡಿದ್ದಾರೆ.

ಅವನ ಕೆಲಸ ಮೆಟ್ಟಿಲು ಗುಡಿಸುವುದು, ಬಲ್ಬು ಬದಲಾಯಿಸುವುದು. ಆದರೆ ನೋಡನೋಡುತ್ತಿದ್ದಂತೆ ಇಡೀ ಕಟ್ಟಡಕ್ಕೆ ಯಜಮಾನ ಆಗುತ್ತಾನೆ. ಯಾರು ಬಂದರು, ಯಾರು ಹೋದರು ಅಂತ ಕಣ್ಣಿಡುತ್ತಾನೆ. ಮೇಲಿನವರ ಮುಂದೆ ನಡು ಬಗ್ಗಿಸುತ್ತಾನೆ, ಕೆಳಗಿನವರ ಮುಂದೆ ಎದೆ ಉಬ್ಬಿಸುತ್ತಾನೆ. ಪ್ರಧಾನಿಯ ಹೆಸರು ಬೇಡ, ಪಕ್ಷದ ಹೆಸರು ಬೇಡ. ಒಂದು ಬೀಗದ ಕೈ ಗೊಂಚಲು ಸಿಕ್ಕರೆ ಮನುಷ್ಯ ಏನಾಗುತ್ತಾನೆ ಅಂತ ತೋರಿಸಿಬಿಟ್ಟರು. ಮಾರ್ಷಲ್ ಲಾ ಕಾಲದಲ್ಲಿ ತಯಾರಾದ ಅದು ಯಾರ ಕಥೆ ಅಂತ ನೋಡುವವರಿಗೆ ಅರ್ಥ ಆಗದೆ ಇರುತ್ತಾ? ಅಧಿಕಾರಿಗಳಿಗೂ ಅರ್ಥ ಆಯಿತು. 1983ರಲ್ಲಿ ಮುಗಿದ ಸರಣಿ ಟಿವಿಗೆ ಬಂದಿದ್ದು 1986ರಲ್ಲಿ. ಬರೇಯಾ 1987ರಲ್ಲಿ ತೀರಿಕೊಂಡರು.

ಬದುಕಿದ್ದಾಗ ಅವರಿಗೆ ಮರ್ಯಾದೆ ಸಿಗಲಿಲ್ಲ. ಬೇರೆ ನಿರ್ದೇಶಕರು 'ಬರೇಯಿಸಂ' ಅನ್ನೋ ಪದವನ್ನು ಕೀಳು ಅಭಿರುಚಿಗೆ ಬೈಗುಳದ ಹಾಗೆ ಬಳಸುತ್ತಿದ್ದರು. ಇವತ್ತು ಅದೇ ಪದ ಹೊಗಳಿಕೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕ್ರಾಕೋವ್ ಕಾವೇರಿ:
ಬರೇಯಾ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಆದರೆ ಮುಖದ ಅಣಕದ ಬಗ್ಗೆ ನೀವು ಹೇಳಿದ್ದು ಒಪ್ಪಲ್ಲ. ಸೆನ್ಸಾರ್ ಹೋದ ಮೇಲೆ ಜನಕ್ಕೆ ಬೇಕಾಗಿದ್ದು ಮುಖವೇ. ಅಷ್ಟು ವರ್ಷ ಹೆಸರೆತ್ತದೆ ನಕ್ಕವರಿಗೆ ಹೆಸರು ಹಿಡಿದು ನಗುವುದು ಎಂಥ ಬಿಡುಗಡೆ ಇರಬೇಕು ಯೋಚಿಸಿ. 'ಪೋಲ್ಸ್ಕೀ ಜೂ', ಅಂದರೆ ಪೋಲಿಶ್ ಮೃಗಾಲಯ, 1991ರಲ್ಲಿ ಶುರುವಾಗಿ ಕೆಲವು ವರ್ಷ ಟಿವಿಯಲ್ಲಿ ಬಂತು. ರಾಜಕಾರಣಿಗಳೆಲ್ಲ ಪ್ರಾಣಿ ಬೊಂಬೆಗಳು. ರಾಷ್ಟ್ರಪತಿ ವಲೆಸಾ ಸಿಂಹ. ಕಮ್ಯುನಿಸ್ಟರ ನಂತರದ ಮೊದಲ ಪ್ರಧಾನಿ ಮಜೊವ್ಯೆತ್ಸ್ಕಿ ಆಮೆ. ಕಚಿನ್ಸ್ಕಿ ಅವಳಿ ಸಹೋದರರು ಹ್ಯಾಮ್‌ಸ್ಟರ್‌ಗಳು. ಪಕ್ಷಗಳು ದಿನಕ್ಕೊಂದು ಹುಟ್ಟಿ ಒಡೆಯುತ್ತಿದ್ದ ಕಾಲ ಅದು. ಸಾಮಾನ್ಯ ಜನಕ್ಕೆ ಯಾರು ಯಾರ ಕಡೆ ಅಂತ ತಿಳಿಯಲು ಆ ಬೊಂಬೆಗಳು ಎಷ್ಟು ಸಹಾಯ ಮಾಡಿದವು ಅಂತ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ.

ಹಾಸ್ಯ ಕಲಾವಿದ ಯಾತ್ಸೆಕ್ ಫೆದೊರೊವಿಚ್ ಅವರನ್ನೂ ಬಿಡಬೇಡಿ. ಸರ್ಕಾರಿ ಸುದ್ದಿಯ ಅಣಕವನ್ನು 80ರ ದಶಕದಲ್ಲಿ ಗುಟ್ಟಾಗಿ ಕ್ಯಾಸೆಟ್‌ಗಳಲ್ಲಿ ಹಂಚುತ್ತಿದ್ದರು. 1995ರಿಂದ ಆ ಸರ್ಕಾರಿ ಸುದ್ದಿಯ ಹೆಸರಿನಲ್ಲೇ ಟಿವಿಯಲ್ಲೇ ಕಾರ್ಯಕ್ರಮ ಮಾಡಿದರು. ರಾಜಕಾರಣಿ ನಿಜವಾಗಿ ಆಡಿದ ಮಾತಿನ ತುಣುಕು ತೆಗೆದುಕೊಂಡು, ತಮ್ಮ ಪ್ರಶ್ನೆ ಸೇರಿಸಿ, ಹೊಸ ಸಂದರ್ಶನ ಮಾಡಿಬಿಡುತ್ತಿದ್ದರು. ಮುಖವೂ ಅವರದೇ, ದನಿಯೂ ಅವರದೇ. ಅದಕ್ಕಿಂತ ಹತ್ತಿರದ ಅಣಕ ಇನ್ನೇನಿದೆ?

ಓಡ್ರಾ ದಂಡೆ:
ಮೃಗಾಲಯ ಕೆಲವೇ ವರ್ಷದಲ್ಲಿ ಹಳತಾಯಿತು ಮೇಡಂ. ಆ ಸರ್ಕಾರಗಳು ಹೋದವು, ಬೊಂಬೆಗಳೂ ಹೋದವು. ಅನ್ಯೊವ್ ಇನ್ನೂ ಉಳಿದಿದ್ದಾನೆ. ಆದರೆ ಫೆದೊರೊವಿಚ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ನನ್ನ ಮಾತು ಸ್ವಲ್ಪ ಬಿಗಿಯಾಯಿತು.

ಹಳೇ ರೇಡಿಯೋ:
ಆ ಮೃಗಾಲಯವನ್ನು ಬರೆದವರು ಯಾರು?

ಕ್ರಾಕೋವ್ ಕಾವೇರಿ:
ಮಾರ್ಚಿನ್ ವೊಲ್ಸ್ಕಿ. ನನಗೆ ಮನಸ್ಸಿಗೆ ಕಷ್ಟ ಆಗುವ ಕಥೆ ಇದು. ಕಮ್ಯುನಿಸ್ಟ್ ಕಾಲದಲ್ಲಿ ರೇಡಿಯೋದಲ್ಲಿ 'ಗಂಟೆಗೆ 60 ನಿಮಿಷ' ಅನ್ನೋ ಹಾಸ್ಯ ಕಾರ್ಯಕ್ರಮ ಇತ್ತು, 1974ರಿಂದ 1981ರವರೆಗೆ. ಅದರ ಹಿಂದೆಯೂ ಅವರೇ. ಅಲ್ಲಿ ಫೆದೊರೊವಿಚ್ ಕೂಡ ಇದ್ದರು. ಒಂದೇ ಮೈಕಿನ ಮುಂದೆ ಕೂತವರು.

ಆಮೇಲೆ ದಾರಿ ಬೇರೆಯಾಯಿತು. 2005ರಿಂದ ಟಿವಿಎನ್24 ಅನ್ನೋ ಖಾಸಗಿ ವಾಹಿನಿಯಲ್ಲಿ 'ಶ್ಕ್ವೊ ಕೊಂತಕ್ತೊವೆ' ಬರುತ್ತಿದೆ. ಇಬ್ಬರು ಕೂತು ಆ ದಿನದ ರಾಜಕಾರಣದ ತುಣುಕು ತೋರಿಸಿ ನಗುತ್ತಾರೆ. ವೀಕ್ಷಕರು ಫೋನ್ ಮಾಡಿ ತಮ್ಮ ಮಾತು ಸೇರಿಸುತ್ತಾರೆ. ಕಚಿನ್ಸ್ಕಿ ಪಕ್ಷ ಅಧಿಕಾರಕ್ಕೆ ಬಂದ ಮೇಲೆ, 2016ರಲ್ಲಿ, ಸರ್ಕಾರಿ ವಾಹಿನಿ ಅದೇ ಅಚ್ಚಿನಲ್ಲಿ 'ಫ್ ತಿಲೆ ವಿಜ್ಯಿ' ಶುರು ಮಾಡಿತು. ವೊಲ್ಸ್ಕಿ ಅದರಲ್ಲಿ ಕೂತರು. 2017ರಲ್ಲಿ ಸರ್ಕಾರಿ ಟಿವಿಯ ಎರಡನೇ ವಾಹಿನಿಗೆ ಮುಖ್ಯಸ್ಥರೂ ಆದರು.

ಅವರ ರಾಜಕೀಯ ನಂಬಿಕೆ ಅವರದು, ಅದನ್ನು ನಾನು ತಪ್ಪು ಅನ್ನಲ್ಲ. ಆದರೆ ಆಳುವ ಪಕ್ಷದ ಕೈಯಲ್ಲಿರುವ ಟಿವಿಯಲ್ಲಿ ಕೂತು ದಿನಾ ವಿರೋಧ ಪಕ್ಷದವರನ್ನು ನೋಡಿ ನಗುವುದು ನನಗೆ ಹಾಸ್ಯ ಅನ್ನಿಸಲಿಲ್ಲ. ನಗು ಮೇಲಿನಿಂದ ಕೆಳಗೆ ಬೀಳುತ್ತಿತ್ತು. 2023ರ ಡಿಸೆಂಬರಿನಲ್ಲಿ ಸರ್ಕಾರ ಬದಲಾದಾಗ ಆ ಕಾರ್ಯಕ್ರಮ ಅಲ್ಲಿ ನಿಂತಿತು.

ಮುಂಗಾರು:
ಹಾಗಾದರೆ ಖಾಸಗಿ ವಾಹಿನಿಯವರೂ ಒಂದೇ ಪಕ್ಷದ ಮೇಲೆ ನಕ್ಕರೆ ಅದು ಸರಿಯಾ? ಕೇಳಲೇಬೇಕು ಅನ್ನಿಸಿತು, ತಪ್ಪು ತಿಳಿಯಬೇಡಿ.

ಕ್ರಾಕೋವ್ ಕಾವೇರಿ:
ತಪ್ಪೇನಿಲ್ಲ, ಸರಿಯಾದ ಪ್ರಶ್ನೆ. ಆ ಕಾರ್ಯಕ್ರಮವೂ ಒಂದು ಕಡೆಯವರ ಮನೆ ಜಗಲಿ ಹರಟೆ ಆಗಿದೆ ಅನ್ನೋರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೂ ಕೆಲವು ಸಲ ಹಾಗೆ ಅನ್ನಿಸಿದೆ. ವ್ಯತ್ಯಾಸ ಇಷ್ಟೆ, ಅದು ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಟಿವಿ ಅಲ್ಲ.

ಇನ್ನೊಂದು ಮಾತು, ಓಡ್ರಾ ಅವರಿಗೆ. ನಿಮ್ಮ ಇಷ್ಟದ 'ಅಧ್ಯಕ್ಷರ ಕಿವಿ' ಬಗ್ಗೆ ನನಗೆ ದೂರು ಇದೆ. ಗುರ್ಸ್ಕಿ ಮಾಡಿದ ಅಧ್ಯಕ್ಷರು ನೋಡ್ತಾ ನೋಡ್ತಾ ಇಷ್ಟ ಆಗಿಬಿಡುತ್ತಾರೆ. ಒಂಟಿ ಮುದುಕ, ಚುರುಕು ಮಾತು, ಸುತ್ತಲೂ ಇರುವವರೆಲ್ಲ ದಡ್ಡರು. ಮನೆಯ ತಾತನ ಹಾಗೆ. 2017ರ ಜುಲೈನಲ್ಲಿ ಇಲ್ಲಿ ಕೋರ್ಟುಗಳನ್ನು ಬದಲಿಸುವ ಕಾನೂನುಗಳ ವಿರುದ್ಧ ಜನ ಬೀದಿಗೆ ಬಂದಿದ್ದರು. ಕ್ರಾಕೋವಿನಲ್ಲಿ ರಾತ್ರಿ ಮೇಣದಬತ್ತಿ ಹಿಡಿದು ನಿಂತವರ ನಡುವೆ ನಾನೂ ನಿಂತಿದ್ದೆ. ನನ್ನ ಪಕ್ಕದ ಹೆಂಗಸು ಅಳುತ್ತಿದ್ದರು. ಅಂಥ ಹೊತ್ತಲ್ಲಿ ಮನೆಗೆ ಬಂದು ಆ ಸರಣಿ ನೋಡಿದರೆ, ಎಲ್ಲವೂ ಒಂದು ಮುದ್ದಾದ ಆಫೀಸಿನ ತಮಾಷೆ ಅನ್ನಿಸುತ್ತಿತ್ತು. ನನಗೆ ಅದು ಸಹಿಸಲು ಆಗಲಿಲ್ಲ.

ಓಡ್ರಾ ದಂಡೆ:
ಮೇಡಂ, ಇದಕ್ಕೆ ಏನು ಹೇಳಬೇಕು ಅಂತ ಎರಡು ದಿನ ಯೋಚನೆ ಮಾಡಿದೆ. ನೀವು ಹೇಳಿದ್ದರಲ್ಲಿ ಸತ್ಯ ಇದೆ. ಅಧ್ಯಕ್ಷರ ಪಾತ್ರ ಬೆಚ್ಚಗಿದೆ. ಆದರೆ ಆದ್ರಿಯನ್ ಪಾತ್ರ ಬೆಚ್ಚಗಿಲ್ಲ. ಆ ಜುಲೈ 24ರಂದು ರಾಷ್ಟ್ರಪತಿ ದೂದಾ ಮೂರು ಕಾನೂನುಗಳಲ್ಲಿ ಎರಡಕ್ಕೆ ಸಹಿ ಹಾಕಲ್ಲ ಅಂದರು. ಆ ದಿನ ನಮ್ಮ ಆಫೀಸಿನಲ್ಲಿ ಯಾರೂ ಕಾನೂನಿನ ಹೆಸರು ಹೇಳಲಿಲ್ಲ. "ಆದ್ರಿಯನ್ ಕುರ್ಚಿಯಿಂದ ಎದ್ದ!" ಅಂದರು. ದೇಶದ ದೊಡ್ಡ ಘಟನೆಯನ್ನು ಜನ ಆ ಕಾಯುವ ಕೋಣೆಯ ಮೂಲಕ ಅರ್ಥ ಮಾಡಿಕೊಂಡರು. ಇಷ್ಟು ಕೆಲಸ ಮಾಡಿದ ಹಾಸ್ಯ ನನಗೆ ಬೇರೆ ಗೊತ್ತಿಲ್ಲ.

ಕ್ರಾಕೋವ್ ಕಾವೇರಿ:
ಅದೇ ವರ್ಷ ಡಿಸೆಂಬರಿನಲ್ಲಿ ಸ್ವಲ್ಪ ತಿದ್ದಿದ ಕಾನೂನುಗಳಿಗೆ ಸಹಿ ಹಾಕಿದರು. ಆದ್ರಿಯನ್ ಮತ್ತೆ ಕೂತರು.

ಓಡ್ರಾ ದಂಡೆ:
ಹೌದು. ಅದನ್ನು ನಾನು ಮೊದಲೇ ಬರೆಯಬೇಕಿತ್ತು.

ತುಂಗಾ ತೀರ:
ಇಂಥ ಹಾಸ್ಯ ಮಾಡಿದರೆ ಕೇಸು ಹಾಕಲ್ವಾ ಅಲ್ಲಿ?

ಕ್ರಾಕೋವ್ ಕಾವೇರಿ:
ಪೋಲೆಂಡಿನ ದಂಡ ಸಂಹಿತೆಯ 135ನೇ ವಿಧಿ ಇದೆ. ರಾಷ್ಟ್ರಪತಿಯನ್ನು ಬಹಿರಂಗವಾಗಿ ಅವಮಾನಿಸಿದರೆ ಮೂರು ವರ್ಷದವರೆಗೆ ಜೈಲು ಅನ್ನುತ್ತದೆ. ಆದ್ರಿಯನ್ ಅನ್ನೋ ಹೆಸರಿನ ಬೆಲೆ ಈಗ ಗೊತ್ತಾಯ್ತಾ? ಹೆಸರೆತ್ತದೆ ಹೇಳುವ ಹಳೇ ಅಭ್ಯಾಸ ಇನ್ನೂ ಹೋಗಿಲ್ಲ.

ಮುಂಗಾರು:
ಹೊಸದು ಏನಾದರೂ ನೋಡಬಹುದಾ? ಸಬ್‌ಟೈಟಲ್ ಇರೋದು ಹೇಳಿ.

ಕ್ರಾಕೋವ್ ಕಾವೇರಿ:
ನೆಟ್‌ಫ್ಲಿಕ್ಸಿನ '1670'. ಹದಿನೇಳನೇ ಶತಮಾನದ ಒಂದು ಹಳ್ಳಿ, ಅದರ ಅರ್ಧಕ್ಕೆ ಒಡೆಯನಾದ ಒಬ್ಬ ಜಮೀನ್ದಾರ. ಬಾರ್ತ್ವೊಮ್ಯೆಯ್ ತೊಪಾ ಚೆನ್ನಾಗಿ ಮಾಡಿದ್ದಾರೆ. ಹಳೇ ಕಾಲದ ಬಟ್ಟೆ ಹಾಕಿಕೊಂಡು ಈಗಿನ ಮಾತಾಡುತ್ತಾರೆ. ಆಗಿನ ಸಂಸತ್ತಿನಲ್ಲಿ ಒಬ್ಬೇ ಒಬ್ಬ ಸದಸ್ಯ 'ಒಪ್ಪಲ್ಲ' ಅಂದರೆ ಇಡೀ ಸಭೆಯ ಕೆಲಸ ಬಿದ್ದುಹೋಗುತ್ತಿತ್ತು. ಅದು ಗೊತ್ತಿದ್ದರೆ ನಗು ಜಾಸ್ತಿ ಬರುತ್ತದೆ. ಮೊದಲ ಭಾಗ ಬಿಡುಗಡೆಯಾಗಿದ್ದು 2023ರ ಡಿಸೆಂಬರ್ 13ಕ್ಕೆ. ಹೊಸ ಸರ್ಕಾರ ಪ್ರಮಾಣ ವಚನ ತೆಗೆದುಕೊಂಡ ದಿನವೇ.

ನಿಧಾನವಾಗಿ ನೋಡೋಕೆ ಇಷ್ಟ ಇದ್ದರೆ 'ರಾಂಚೊ'. 2006ರಿಂದ 2016ರವರೆಗೆ ಸರ್ಕಾರಿ ಟಿವಿಯಲ್ಲಿ ಬಂತು. ಒಂದು ಹಳ್ಳಿ, ಅಲ್ಲಿನ ಪಂಚಾಯತಿ ಮುಖ್ಯಸ್ಥ ಮತ್ತು ಚರ್ಚಿನ ಪಾದ್ರಿ ಅವಳಿ ಸಹೋದರರು. ಎರಡೂ ಪಾತ್ರ ತ್ಸೆಜಾರಿ ಜಾಕ್ ಒಬ್ಬರದೇ. ಅದೇ 2006ರಲ್ಲಿ ದೇಶದಲ್ಲೂ ಒಬ್ಬ ಕಚಿನ್ಸ್ಕಿ ರಾಷ್ಟ್ರಪತಿ, ಅವರ ಅವಳಿ ಪ್ರಧಾನಿ. ಓಡ್ರಾ ಅವರೇ, ಇಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆ ಸರಣಿಯಲ್ಲಿ ನಿಜವಾದ ಸಂಸತ್ತು ಅಂಗಡಿ ಮುಂದಿನ ಬೆಂಚು. ಅಗ್ಗದ ವೈನ್ ಕುಡಿಯುತ್ತಾ ಕೂತ ನಾಲ್ಕು ಜನ ಊರಿನ ರಾಜಕೀಯ ಪೂರ್ತಿ ಬಿಡಿಸಿಡುತ್ತಾರೆ.

ಹಳೇ ರೇಡಿಯೋ:
ಎರಡನೇ ಮಹಡಿಯ ಅಜ್ಜಿಗೆ 'ಅಧ್ಯಕ್ಷರ ಕಿವಿ' ತೋರಿಸಿ ನೋಡಿದ್ದೀರಾ? ಅವರು ಏನನ್ನುತ್ತಾರೆ ಅಂತ ತಿಳಿಯುವ ಆಸೆ.

ಓಡ್ರಾ ದಂಡೆ:
ಭಾನುವಾರ ತೋರಿಸಿದೆ ಸರ್. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದೆ. ಅವರು ಗಸಗಸೆ ಕೇಕ್ ಕೊಟ್ಟರು, ಗಾಜಿನ ಲೋಟದಲ್ಲಿ ಚಹಾ ಕೊಟ್ಟರು. ಲೋಟಕ್ಕೆ ಹಿಡಿ ಇರುವ ಲೋಹದ ಬುಟ್ಟಿ ಇರುತ್ತದಲ್ಲ, ಹಳೇ ಕಾಲದ್ದು, ಅದರಲ್ಲಿ.

ಅಧ್ಯಕ್ಷರ ಮಾತಿಗೆ ಅಜ್ಜಿ ಅಷ್ಟೇನೂ ನಗಲಿಲ್ಲ. ಆದ್ರಿಯನ್‌ನನ್ನು ನೋಡಿ "ಪಾಪ" ಅಂದರು. ಬಾಶಾ ಮೇಡಂ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವರೂ ಒಂದು ಕಾರ್ಖಾನೆಯ ಆಫೀಸಿನಲ್ಲಿ ಹದಿನೆಂಟು ವರ್ಷ ಸೆಕ್ರೆಟರಿ ಆಗಿದ್ದರಂತೆ, ಡೈರೆಕ್ಟರ್ ಕೋಣೆಯ ಹೊರಗೆ. ಕಾಯುವವರಿಗೆ ಚಹಾ ಕೊಡಬೇಕಾ, ಬೇಡವಾ ಅಂತ ಒಳಗಿನಿಂದ ಹೇಳಿ ಕಳಿಸುತ್ತಿದ್ದರಂತೆ. ಚಹಾ ಬಂದರೆ ಕೆಲಸ ಆಗುತ್ತದೆ ಅಂತ ಅರ್ಥ. ಬರದಿದ್ದರೆ ಎದ್ದು ಹೋಗಬಹುದು.

"ಒಂದು ಸಲ ಬೇಡ ಅಂದಿದ್ದರೂ ಕೊಟ್ಟುಬಿಟ್ಟೆ" ಅಂದರು. "ವಯಸ್ಸಾದ ಕೆಲಸಗಾರ, ಬೆಳಗಿನಿಂದ ಕೂತಿದ್ದ. ಲೋಟ ಹಿಡಿದು ಅವನ ಮುಖ ಎಷ್ಟು ಅರಳಿತು ಗೊತ್ತಾ. ಕೆಲಸ ಆಗಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ."

ಆಮೇಲೆ ಅವರೇ ಕೈ ಚಾಚಿ ಮುಂದಿನ ಕಂತು ಹಾಕಿದರು.